ಮೋಡದ ಗಿರಣಿ, ಮನೆಯ ಲೆಕ್ಕ

ತಿಪಟೂರು ಸೀಮೆಯ ತೆಂಗಿನ ತೋಟದ ಮನೆಗಳಲ್ಲಿ ದುಡ್ಡು ಅಟ್ಟದ ಮೇಲೆ ಒಣಗುತ್ತದೆ. ಕಿತ್ತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರು ಬತ್ತಿ, ಅಲುಗಿಸಿದರೆ ಗಡಗಡ ಎಂದಾಗ ಅದು ಉಂಡೆ ಕೊಬ್ಬರಿ. ಅದನ್ನು ಸುಲಿದು, ಚೀಲ ತುಂಬಿ, ಮಾರುಕಟ್ಟೆಗೆ ಹಾಕಿದ ಮೇಲೆಯೇ ಫೀಸು, ಬಟ್ಟೆ, ಮದುವೆ ಮುಂಜಿಯ ಮಾತು. ಅಂಥದೊಂದು ಮನೆಯ ಹುಡುಗನಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಸಂತೋಷ ಒಂದು ವಾರ ಇತ್ತು. ಎಂಟನೆಯ ದಿನ ಅವನು ಒಂದು ಚೀಟಿ ತಂದು ಅಪ್ಪನ ಮುಂದಿಟ್ಟ.

ಚೀಟಿಯಲ್ಲಿ ಇದ್ದದ್ದು ಒಂದು ಲ್ಯಾಪ್‌ಟಾಪಿನ ವಿವರ. ಹದಿನಾರು ಜಿಬಿ ಮೆಮೊರಿ, ಇಂಥ ಪ್ರೊಸೆಸರ್, ಇಂಥ ಗ್ರಾಫಿಕ್ಸ್ ಕಾರ್ಡು. ಕೊನೆಯ ಸಾಲಿನಲ್ಲಿ ಬೆಲೆ.

"ಎಪ್ಪತ್ತೈದು ಸಾವಿರ ಏನೋ ಇದು?" ಎಂದರು ಅಪ್ಪ, ಸೊನ್ನೆಗಳನ್ನು ಎರಡು ಸಲ ಎಣಿಸಿ.

"ಕ್ಲಾಸಲ್ಲಿ ಎಲ್ರೂ ಅದನ್ನೇ ತಗೋತಿದಾರೆ ಅಪ್ಪಾ."

"ಅಕ್ಕಂದು ಇದೆಯಲ್ಲೋ?"

ಅಕ್ಕನ ಲ್ಯಾಪ್‌ಟಾಪ್ ಇತ್ತು. 2017ರಲ್ಲಿ ಅವಳು ಡಿಗ್ರಿ ಓದುವಾಗ ಕೊಂಡದ್ದು. ನಾಲ್ಕು ಜಿಬಿ ಮೆಮೊರಿ. ಬೀರುವಿನ ಮೇಲೆ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಸ್ವಿಚ್ ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಸಾಲದ್ದಕ್ಕೆ ಅದರೊಳಗಿದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಮುಂದಿನ ಆವೃತ್ತಿಯನ್ನು ಹಾಕೋಣವೆಂದರೆ, ಈ ಯಂತ್ರ ಅದಕ್ಕೆ ತಕ್ಕದ್ದಲ್ಲ ಎಂದು ತೆರೆಯ ಮೇಲೆ ಸೂಚನೆ ಬರುತ್ತಿತ್ತು. ಹುಡುಗ ಅದನ್ನೇ ಅಪ್ಪನಿಗೆ ತೋರಿಸಿದ. ಅಪ್ಪನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಆ ಸಲದ ಕೊಬ್ಬರಿ ದುಡ್ಡು ಕಾಲೇಜಿನ ಫೀಸಿಗೂ ಹಾಸ್ಟೆಲಿಗೂ ಆಗಲೇ ಹೋಗಿತ್ತು. ರಾತ್ರಿ ಊಟವಾದ ಮೇಲೆ ಅವ್ವ ಒಳಗಿನಿಂದ ಬಂದು ತಮ್ಮ ಎರಡು ಬಳೆಗಳನ್ನು ತೆಗೆದು ಮಣೆಯ ಮೇಲಿಟ್ಟರು. "ಅಡ ಇಡಿ. ಹುಡುಗ ಕಲಿತ ಮೇಲೆ ಬಿಡಿಸಿಕೊಂಡರಾಯ್ತು" ಎಂದರು. ಯಾರೂ ಮಾತಾಡಲಿಲ್ಲ. ಹುಡುಗ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ.

ಅದೇ ಶನಿವಾರ ಬೆಂಗಳೂರಿನಿಂದ ಅಕ್ಕ ಬಂದಳು. ಅವಳು ಅಲ್ಲಿನ ಒಂದು ತಂತ್ರಾಂಶ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಬಳೆಯ ವಿಷಯ ಅವ್ವನ ಬಾಯಿಂದಲೇ ತಿಳಿಯಿತು. ತಮ್ಮನನ್ನು ಕರೆದು ಕೇಳಿದಳು: "ಲೋ, ಮೊದಲನೇ ವರ್ಷ ನಿಮಗೆ ಏನೋ ಪಾಠ?"

"ಸಿ ಭಾಷೆ. ಆಮೇಲೆ ಪೈಥಾನ್ ಅಂತೆ."

"ಸಿ ಪ್ರೋಗ್ರಾಂ ಬರೆಯೋಕೆ ಎಪ್ಪತ್ತೈದು ಸಾವಿರ ಬೇಕೇನೋ? ಕಡಲೆ ಹುರಿಯೋಕೆ ಕಲ್ಯಾಣದ ಒಲೆ ಹಾಕಿದ ಹಾಗೆ."

ಹುಡುಗ ಬಿಡಲಿಲ್ಲ. ಮೂರನೇ ವರ್ಷಕ್ಕೆ ಮೊಬೈಲ್ ಆ್ಯಪ್ ಮಾಡಬೇಕು, ಆಗ ಏನು ಮಾಡಲಿ ಎಂದ. ಅವನ ಪ್ರಶ್ನೆ ತಪ್ಪಲ್ಲ. ತಂತ್ರಾಂಶ ಬರೆಯುವ ಕೆಲಸದಲ್ಲಿ ಅಕ್ಷರ ಕುಟ್ಟುವುದು ಹಗುರ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವುದು, ಪರೀಕ್ಷಿಸುವುದು ಭಾರ. ದೊಡ್ಡ ಕೆಲಸಕ್ಕೆ ನಾಲ್ಕು ಜಿಬಿಯ ಹಳೆಯ ಯಂತ್ರ ಏದುಸಿರು ಬಿಡುತ್ತದೆ.

ಅಕ್ಕ ಅಂದು ತುಮಕೂರಿಗೆ ಹೋಗಿ ಕೆಲವು ಸಾವಿರ ರೂಪಾಯಿಗೆ ಎರಡು ಬಿಡಿಭಾಗ ತಂದಳು. ಒಂದು ಮೆಮೊರಿ ಪಟ್ಟಿ, ಇನ್ನೊಂದು ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿ. ಹಳೆಯ ವಿಂಡೋಸ್ ತೆಗೆದು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದಳು. ಕಾಫಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಯಂತ್ರ, ಲೋಟ ಕೈಗೆತ್ತಿಕೊಳ್ಳುವುದರೊಳಗೆ ಎದ್ದು ಕೂತಿತು. ಆಮೇಲೆ ಬ್ರೌಸರ್ ತೆರೆದು, ಒಂದು ತಾಣಕ್ಕೆ ಹೋಗಿ, ಒಂದು ಗುಂಡಿ ಒತ್ತಿದಳು. ಒಂದೆರಡು ನಿಮಿಷದಲ್ಲಿ ತೆರೆಯ ಮೇಲೆ ಪ್ರೋಗ್ರಾಂ ಬರೆಯುವ ಇಡೀ ಕೋಣೆಯೇ ತೆರೆದುಕೊಂಡಿತು.

"ಇದು ನಮ್ಮ ಯಂತ್ರದಲ್ಲಿ ಓಡ್ತಿಲ್ಲ. ಸಿಂಗಪುರದಲ್ಲೋ ಎಲ್ಲೋ ಇರೋ ಒಂದು ಸರ್ವರ್‌ನಲ್ಲಿ ಓಡ್ತಿದೆ. ನಮ್ಮದು ಬರೀ ಕಿಟಕಿ" ಎಂದಳು.

ಇದಕ್ಕೇ ಕ್ಲೌಡ್, ಅಂದರೆ ಮೋಡ, ಎಂಬ ಹೆಸರು. ತಂತ್ರಾಂಶ ಬರೆಯುವವನಿಗೆ ಬೇಕಾದ ಸಲಕರಣೆಯನ್ನೆಲ್ಲ ದೂರದ ಗಣಕದಲ್ಲಿ ಜೋಡಿಸಿಟ್ಟು, ಬ್ರೌಸರಿನ ಮೂಲಕ ಬಾಡಿಗೆಗೆ ಅಥವಾ ಉಚಿತವಾಗಿ ಕೊಡುವ ಏರ್ಪಾಡು. ಗಿಟ್‌ಹಬ್ ಸಂಸ್ಥೆ 2022ರ ನವೆಂಬರ್‌ನಲ್ಲಿ ತನ್ನ ಕೋಡ್‌ಸ್ಪೇಸಸ್ ಎಂಬ ಇಂಥ ಸೌಲಭ್ಯವನ್ನು ವ್ಯಕ್ತಿಗಳಿಗೂ ತೆರೆದು, ತಿಂಗಳಿಗೆ 60 ಗಂಟೆ ಉಚಿತ ಎಂದು ಸಾರಿತು. ಗೂಗಲ್‌ನ ಕೊಲ್ಯಾಬ್‌ನಲ್ಲಿ ಪೈಥಾನ್ ಕಲಿಯುವವರು ಇನ್ನೂ ಮೊದಲಿನಿಂದ ಇದ್ದಾರೆ.

ಹೆಸರು ಹೊಸದಾದರೂ ವಿಚಾರ ಹಳೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟರುಗಳು ಒಂದೇ ಗಣಕವನ್ನು ಹಲವು ವಿದ್ಯಾರ್ಥಿಗಳು ಏಕಕಾಲಕ್ಕೆ ಬಳಸುವ ಹಂಚಿಕೆಯ ವ್ಯವಸ್ಥೆ ಮಾಡಿದರು. ಅವರಿಗೆಂದೇ ಬೇಸಿಕ್ ಎಂಬ ಸುಲಭ ಭಾಷೆಯನ್ನೂ ಕಟ್ಟಿಕೊಟ್ಟರು. ಆಮೇಲೆ ಗಣಕಗಳು ಅಗ್ಗವಾಗಿ ಮೇಜಿಗೊಂದು ಬಂದವು. ಈಗ ಚಕ್ರ ಒಂದು ಸುತ್ತು ತಿರುಗಿ ಮತ್ತೆ ಹಂಚಿಕೊಳ್ಳುವ ಕಡೆಗೇ ಬಂದಿದೆ.

ಅಪ್ಪನಿಗೆ ಇದು ಬೇಗ ಅರ್ಥವಾಯಿತು. "ಗಿರಣಿ ಇದ್ದ ಹಾಗೆ ಅನ್ನು. ಮನೆಮನೆಗೂ ಗಿರಣಿ ಯಾಕೆ? ಊರಿಗೊಂದು ಇದ್ದರೆ ರಾಗಿ ಡಬ್ಬ ಹೊತ್ತುಕೊಂಡು ಹೋಗಿ ಬೀಸಿಸಿಕೊಂಡು ಬರೋದಪ್ಪ."

ಗಿರಣಿಯ ಹೋಲಿಕೆಯನ್ನು ಸ್ವಲ್ಪ ಬೆಳೆಸಿದರೆ, ಪರಿಸರಕ್ಕೆ ಇದರಿಂದ ಆಗುವ ಲಾಭವೂ ಕಾಣುತ್ತದೆ. ಮನೆಮನೆಗೆ ಗಿರಣಿ ಇಟ್ಟರೆ ದಿನಕ್ಕೆ ಹತ್ತು ನಿಮಿಷ ಓಡಿ ಉಳಿದ ಹೊತ್ತು ಸುಮ್ಮನಿರುತ್ತವೆ. ಅಷ್ಟೂ ಗಿರಣಿಗೆ ಕಬ್ಬಿಣ, ತಾಮ್ರ ಎಲ್ಲಿಂದಲೋ ಅಗೆದು ತರಬೇಕು. ಗಣಕದ ಕತೆಯೂ ಇದೇ. ಗೂಗಲ್‌ನ ಲೂಯಿಸ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ 2007ರಲ್ಲಿ ಬರೆದ ಒಂದು ಲೇಖನದಲ್ಲಿ, ಆ ಕಾಲದ ಸರ್ವರ್‌ಗಳು ಏನೂ ಕೆಲಸವಿಲ್ಲದೆ ನಿಂತಾಗಲೂ ಗರಿಷ್ಠ ವಿದ್ಯುತ್ತಿನ ಸುಮಾರು ಅರ್ಧದಷ್ಟನ್ನು ನುಂಗುತ್ತವೆ ಎಂದು ತೋರಿಸಿದರು. ಆದ್ದರಿಂದ ಅರೆಹೊಟ್ಟೆಯಲ್ಲಿ ಓಡುವ ಹತ್ತು ಯಂತ್ರಗಳಿಗಿಂತ, ಹೊಟ್ಟೆ ತುಂಬ ಕೆಲಸವಿರುವ ಮೂರು ಯಂತ್ರಗಳು ಲೇಸು.

ಇನ್ನೊಂದು ಉಳಿತಾಯ ತಂಪು ಮಾಡುವುದರಲ್ಲಿ. ಗಣಕಗಳು ಬಿಸಿಯಾಗುತ್ತವೆ, ಆ ಬಿಸಿ ತೆಗೆಯಲು ಮತ್ತೆ ವಿದ್ಯುತ್ ಬೇಕು. ಕೊಬ್ಬರಿ ಮಾರುವವರ ಭಾಷೆಯಲ್ಲಿ ಹೇಳುವುದಾದರೆ ಇದು ದಲ್ಲಾಳಿ ಕಮಿಷನ್. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಡೇಟಾ ಸೆಂಟರ್‌ಗಳ ಸರಾಸರಿ ಅನುಪಾತ 1.58. ಅಂದರೆ ಲೆಕ್ಕ ಮಾಡಲು ಒಂದು ರೂಪಾಯಿಯ ವಿದ್ಯುತ್ ಖರ್ಚಾದರೆ, ತಂಪು ಮೊದಲಾದ ಮೇಲು ಖರ್ಚು 58 ಪೈಸೆ. ಗೂಗಲ್ ತನ್ನ ದೊಡ್ಡ ಕೇಂದ್ರಗಳಲ್ಲಿ ಇದನ್ನು ಸುಮಾರು 10 ಪೈಸೆಗೆ ಇಳಿಸಿದೆ. ಕಾಲೇಜಿನ ಮೂಲೆಯ ಸರ್ವರ್ ಕೋಣೆಯಲ್ಲಿ ಹಳೆಯ ಎ.ಸಿ. ಹಾಕಿಕೊಂಡು ಇಷ್ಟು ಕಡಿಮೆ ಕಮಿಷನ್ ಸಾಧಿಸುವುದು ಕಷ್ಟ.

ಇದರ ಫಲ ಅಂಕಿಗಳಲ್ಲೂ ಕಂಡಿತ್ತು. 'ಸೈನ್ಸ್' ಪತ್ರಿಕೆಯಲ್ಲಿ 2020ರಲ್ಲಿ ಬಂದ ಎರಿಕ್ ಮಸಾನೆಟ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, 2010ರಿಂದ 2018ರವರೆಗೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಶೇಕಡಾ 550ರಷ್ಟು ಹೆಚ್ಚಿತು; ವಿದ್ಯುತ್ ಬಳಕೆ ಹೆಚ್ಚಿದ್ದು ಶೇಕಡಾ 6 ಮಾತ್ರ.

ಆದರೆ ಈ ಮನೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ಸಿಂಗಪುರದಲ್ಲೂ ಇರಲಿಲ್ಲ, ಮೋಡದಲ್ಲೂ ಇರಲಿಲ್ಲ. ಅದು ಬೀರುವಿನ ಮೇಲಿತ್ತು.

ಲ್ಯಾಪ್‌ಟಾಪ್ ತಯಾರಕರೇ ಪ್ರಕಟಿಸುವ ಪರಿಸರ ವರದಿಗಳನ್ನು ನೋಡಿದರೆ, ಒಂದು ಲ್ಯಾಪ್‌ಟಾಪ್ ತನ್ನ ಇಡೀ ಆಯುಸ್ಸಿನಲ್ಲಿ ಹೊರಸೂಸುವ ಇಂಗಾಲದ ಪ್ರಮಾಣ ಮಾದರಿಗೆ ತಕ್ಕಂತೆ ಸುಮಾರು 150ರಿಂದ 400 ಕಿಲೋ. ಅದರ ಬಹುಪಾಲು, ಅನೇಕ ಮಾದರಿಗಳಲ್ಲಿ ಮುಕ್ಕಾಲು ಪಾಲು, ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಲೆಕ್ಕಕ್ಕೆ ಒಟ್ಟು 250 ಕಿಲೋ, ತಯಾರಿಕೆಯದು 190 ಕಿಲೋ ಎಂದಿಟ್ಟುಕೊಳ್ಳಬಹುದು. ಭಾರತದಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಾಗುವಾಗ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾದರೆ 190 ಕಿಲೋ ಎಂದರೆ ಸುಮಾರು 270 ಯೂನಿಟ್. ಲ್ಯಾಪ್‌ಟಾಪ್ 30 ವಾಟ್ ಎಳೆಯುತ್ತದೆ ಎಂದುಕೊಂಡರೆ, 270 ಯೂನಿಟ್‌ನಲ್ಲಿ ಅದನ್ನು 9,000 ಗಂಟೆ ನಡೆಸಬಹುದು. ದಿನಕ್ಕೆ ಐದು ಗಂಟೆಯಂತೆ ಹೆಚ್ಚುಕಡಿಮೆ ಐದು ವರ್ಷ! ಐದು ವರ್ಷ ಓದಿದರೆ ಆಗುವಷ್ಟು ಹೊಗೆ, ಡಬ್ಬಿ ಬಿಚ್ಚುವ ಮೊದಲೇ ಗಾಳಿಗೆ ಸೇರಿರುತ್ತದೆ.

ಹಳೆಯ ಯಂತ್ರದ ಆ ಹೊಗೆ 2017ರಲ್ಲೇ ಸೇರಿಹೋಗಿದೆ. ಅದನ್ನು ವಾಪಸು ತರಲಾಗದು. ಆದರೆ ಆ ಯಂತ್ರವನ್ನು ಇನ್ನು ಮೂರು ವರ್ಷ ದುಡಿಸಿದರೆ, ಹೊಸದೊಂದರ ಹೊಗೆಯನ್ನು ಮೂರು ವರ್ಷ ಮುಂದೂಡಿದಂತಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥ ಕಡೆಗೇ ಇರುವುದು.

ಬಿಸಾಡಿದ ಯಂತ್ರ ಎಲ್ಲಿ ಹೋಗುತ್ತದೆ ಎಂಬುದೂ ಯೋಚಿಸಬೇಕಾದ್ದೇ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ತಿಪ್ಪೆಗೋ, ಗುಜರಿಗೋ, ತಂತಿ ಸುಟ್ಟು ತಾಮ್ರ ತೆಗೆಯುವವರ ಬೆಂಕಿಗೋ ಹೋಗುತ್ತದೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಾಗಿ, ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಗುಜರಿಯವನ ಗಾಡಿ ಬೀದಿಗೆ ಬಂದಾಗ ನಿಯಮ ನೆನಪಾಗುವುದು ಕಡಿಮೆ. ತೆಂಗಿನ ಮರದಲ್ಲಿ ಗರಿ, ಸೋಗೆ, ಸಿಪ್ಪೆ, ಚಿಪ್ಪು ಯಾವುದನ್ನೂ ಬಿಸಾಡದ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅಪ್ಪ ಒಂದು ಪ್ರಶ್ನೆ ಹಾಕಿದರು. "ಅಲ್ಲ ಕಣವ್ವ, ಆ ಗಿರಣಿಗೆ ಕರೆಂಟು ಎಲ್ಲಿಂದ ಬರ್ತದೆ?"

ಅಕ್ಕ ತಕ್ಷಣ ಉತ್ತರ ಹೇಳಲಿಲ್ಲ. ಯಾಕೆಂದರೆ ಈ ಪ್ರಶ್ನೆಯಲ್ಲಿ ಮೋಡ ಎಂಬ ಹೆಸರಿನ ಮೋಸವೆಲ್ಲ ಬಯಲಾಗುತ್ತದೆ. ಮೋಡವೆಂದರೆ ತೂಕವಿಲ್ಲದ್ದು, ಹೊಗೆಯಿಲ್ಲದ್ದು ಎಂಬ ಭಾವನೆ ಬರುತ್ತದೆ. ನಿಜದಲ್ಲಿ ಅದು ನೆಲದ ಮೇಲಿರುವ ಭಾರೀ ಕಟ್ಟಡ. ಅದಕ್ಕೆ ಹೈಟೆನ್ಷನ್ ತಂತಿ ಬೇಕು, ಕೆಲವು ಬಗೆಯ ತಂಪು ವ್ಯವಸ್ಥೆಗೆ ಆವಿಯಾಗಿ ಹೋಗುವ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ಕೊಡ ಹಿಡಿದು ಟ್ಯಾಂಕರ್ ಕಾದದ್ದನ್ನು ಕಂಡವರಿಗೆ, ನೀರನ್ನು ಯಾರಿಗೆ ಎಷ್ಟು ಕೊಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಗಿರಣಿ ಊರಾಚೆ ಇದ್ದರೆ ಅದರ ಸದ್ದು ಮನೆಗೆ ಕೇಳಿಸುವುದಿಲ್ಲ, ಸದ್ದೇ ಇಲ್ಲವೆಂದಲ್ಲ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್; ಜಗತ್ತಿನ ಒಟ್ಟು ಬಳಕೆಯ ಶೇಕಡಾ ಒಂದೂವರೆ. 2030ರ ಹೊತ್ತಿಗೆ ಇದು ಎರಡು ಪಟ್ಟಿಗೂ ಮೀರಿ 94,500 ಕೋಟಿ ಯೂನಿಟ್ ಆದೀತೆಂದು ಅದು ಲೆಕ್ಕ ಹಾಕಿದೆ. ಕೃತಕ ಬುದ್ಧಿಮತ್ತೆಯ ಹಸಿವು ಇದಕ್ಕೆ ಮುಖ್ಯ ಕಾರಣ. ಮಿತವ್ಯಯದ ಯಂತ್ರ ಬಂದಾಗ ಒಟ್ಟು ಬಳಕೆ ಇಳಿಯುವ ಬದಲು ಏರುವುದೂ ಉಂಟು. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಗುರುತಿಸಿದ್ದರು: ಉಗಿಯಂತ್ರ ಕಡಿಮೆ ಇದ್ದಲು ಬೇಡತೊಡಗಿದಂತೆ, ಹೆಚ್ಚು ಜನ ಹೆಚ್ಚು ಉಗಿಯಂತ್ರ ಇಟ್ಟುಕೊಂಡರು.

"ನಮ್ಮ ಆಫೀಸಲ್ಲೂ ಹಂಗೇ ಆಯ್ತಪ್ಪ" ಎಂದಳು ಅಕ್ಕ. ಮೇಜಿನ ಕೆಳಗಿನ ಡಬ್ಬಿಗಳನ್ನೆಲ್ಲ ತೆಗೆದು ಕೆಲಸವನ್ನು ಮೋಡಕ್ಕೆ ಸಾಗಿಸಿದಾಗ ಎಲ್ಲರಿಗೂ ಖುಷಿ. ಬೇಕೆಂದಾಗ ಒಂದು ಯಂತ್ರ ಸಿಗುತ್ತದೆ. ಸಿಗುತ್ತದೆಂದು ಒಬ್ಬೊಬ್ಬರು ಮೂರು ನಾಲ್ಕು ತೆರೆದರು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋದರು; ದೂರದ ಯಂತ್ರಗಳು ಸೋಮವಾರದವರೆಗೂ ಓಡಿದವು. ತಿಂಗಳ ಕೊನೆಗೆ ಬಿಲ್ಲು ಬಂದಾಗ, ಮರೆತುಬಿಟ್ಟ ಯಂತ್ರಗಳ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

ಅಪ್ಪ ನಕ್ಕರು. "ಆಟೋ ಸ್ಟಾರ್ಟರ್" ಎಂದರು.

ತೋಟದವರಿಗೆ ಇದು ಗೊತ್ತಿರುವ ಕತೆ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ತಿಳಿಯದ ಕಾಲದಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗುವುದು ರೂಢಿ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಮೋಟಾರು ತಾನೇ ಹೊರಡುತ್ತದೆ. ಪಾತಿ ತುಂಬಿ, ಬದು ದಾಟಿ, ನೀರು ರಸ್ತೆಗೆ ಹರಿಯುತ್ತದೆ. ಕೊಳವೆ ಬಾವಿ ಬತ್ತುತ್ತದೆ. ಆಟೋ ಸ್ಟಾರ್ಟರ್ ಒಳ್ಳೆಯ ವಸ್ತುವೇ. ಕೆಟ್ಟದ್ದು, ಅದು ಓಡುತ್ತಿದೆ ಎಂಬುದನ್ನು ಮರೆಯುವುದು.

ಹುಡುಗ ಕಾಗದ ತೆಗೆದು ತಾನೇ ಲೆಕ್ಕ ಹಾಕಿದ. ದೂರದ ಸರ್ವರ್‌ನಲ್ಲಿ ತನ್ನ ಪಾಲಿಗೆ 20 ವಾಟ್ ಎಂದಿಟ್ಟುಕೊಂಡರೆ, ತಿಂಗಳಿಗೆ 60 ಗಂಟೆಗೆ ಒಂದು ಕಾಲು ಯೂನಿಟ್ಟಿಗೂ ಕಡಿಮೆ. ಅದನ್ನೇ ಮರೆತು ತಿಂಗಳೆಲ್ಲ, ಅಂದರೆ 720 ಗಂಟೆ, ಓಡಲು ಬಿಟ್ಟರೆ 14 ಯೂನಿಟ್ ದಾಟುತ್ತದೆ. ಹನ್ನೆರಡು ಪಟ್ಟು. ಕೋಡ್‌ಸ್ಪೇಸಸ್‌ನಂಥ ಕಡೆ ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಯಂತ್ರ ತಾನಾಗಿ ನಿಲ್ಲುವ ಏರ್ಪಾಡಿದೆ. ಎಲ್ಲ ಕಡೆಯೂ ಹಾಗಿರುವುದಿಲ್ಲ. ಮೋಡದ ಮಿತವ್ಯಯವೆಲ್ಲ ನಿಂತಿರುವುದು ಹಳೆಯ ಯಂತ್ರವನ್ನು ಬಿಸಾಡದಿರುವುದರಲ್ಲಿ, ಬಾಡಿಗೆಯ ಯಂತ್ರವನ್ನು ಮರೆಯದೆ ನಿಲ್ಲಿಸುವುದರಲ್ಲಿ. ಇವೆರಡೂ ಇಲ್ಲದೆ, ಹೊಸ ಲ್ಯಾಪ್‌ಟಾಪನ್ನೂ ಕೊಂಡು ಮೋಡವನ್ನೂ ಓಡಿಸಿದರೆ, ಮನೆಯಲ್ಲೂ ಗಿರಣಿ, ಊರಲ್ಲೂ ಗಿರಣಿ.

ಅಕ್ಕ ತಮ್ಮನಿಗೆ ಇನ್ನೂ ಮೂರು ಮಾತು ಹೇಳಿದಳು. ಸಿ ಭಾಷೆಯಂಥ ಸಣ್ಣ ಕೆಲಸವನ್ನು ಹಳೆಯ ಯಂತ್ರದಲ್ಲೇ ಮಾಡು. ರಾಗಿ ಮುದ್ದೆಗೆ ಒಂದು ಪಾವು ಹಿಟ್ಟು ಬೇಕಾದರೆ ಯಾರೂ ಗಿರಣಿಗೆ ಓಡುವುದಿಲ್ಲ. ಅದಕ್ಕೆ ಇಂಟರ್‌ನೆಟ್ ಕೂಡ ಬೇಡ, ಊರಿಗೆ ಬಂದಾಗ ನೆಟ್‌ವರ್ಕ್ ಇಲ್ಲವೆಂದು ಕೂರುವುದೂ ತಪ್ಪುತ್ತದೆ. ಭಾರದ ಕೆಲಸವಿದ್ದರೆ ಮಾತ್ರ ಮೋಡಕ್ಕೆ ಹೋಗು. ಮುಗಿದ ಕೂಡಲೇ ನಿಲ್ಲಿಸು, ಬೇಡದ್ದನ್ನು ಅಳಿಸು. ಸಾಧ್ಯವಾದರೆ ದೊಡ್ಡ ಕೆಲಸವನ್ನು ಬಿಸಿಲು ಹೊತ್ತಿಗೆ ಇಟ್ಟುಕೊ. ಕೊನೆಯ ಮಾತು ತಮಾಷೆಯಂತೆ ಕೇಳಿದರೂ ಅದರಲ್ಲಿ ಹುರುಳಿದೆ. ಸೌರ ವಿದ್ಯುತ್ ಮಧ್ಯಾಹ್ನ ಹೆಚ್ಚು. ಗೂಗಲ್ 2020ರಲ್ಲಿ, ಅವಸರವಿಲ್ಲದ ಕೆಲಸಗಳನ್ನು ಗಾಳಿ-ಬಿಸಿಲಿನ ವಿದ್ಯುತ್ ಹೇರಳವಾಗಿರುವ ಹೊತ್ತಿಗೆ ಸರಿಸುವ ಕ್ರಮವನ್ನು ಪ್ರಕಟಿಸಿತು. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬಿಸಿಲು ಬೆಳೆಯಾಗುವುದನ್ನು ಈ ಜಿಲ್ಲೆಯವರು ಕಣ್ಣಾರೆ ಕಂಡಿದ್ದಾರೆ.

"ಕ್ಲಾಸಲ್ಲಿ ನಗ್ತಾರೆ ಅಕ್ಕಾ" ಎಂದ ಹುಡುಗ, ಎಲ್ಲ ಒಪ್ಪಿದ ಮೇಲೆ, ಮೆಲ್ಲಗೆ. ಅಸಲು ತೊಡಕು ಮೆಮೊರಿಯದಲ್ಲ, ಮರ್ಯಾದೆಯದು.

"ನಗಲಿ ಬಿಡೋ. ಪ್ರೋಗ್ರಾಂ ಓಡಿದ ದಿನ ಯಾವ ಯಂತ್ರದಲ್ಲಿ ಬರೆದೆ ಅಂತ ಯಾರೂ ಕೇಳಲ್ಲ" ಎಂದಳು ಅಕ್ಕ. ಮಾತು ಅವನಿಗೆ ಪೂರ್ತಿ ಹಿಡಿಸಿದಂತೆ ಕಾಣಲಿಲ್ಲ. ಆದರೆ ಭಾನುವಾರ ಸಂಜೆ ಹಾಸ್ಟೆಲಿಗೆ ಹೊರಟಾಗ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್ ಇತ್ತು. ಬಸ್ ಹತ್ತಿಸಲು ಬಂದ ಅವ್ವನ ಕೈಯಲ್ಲಿ ಬಳೆಗಳಿದ್ದವು. ಅವನು ಅದನ್ನು ನೋಡಿದ, ಏನೂ ಹೇಳಲಿಲ್ಲ.

ಮೂರನೇ ವರ್ಷಕ್ಕೆ ಹೊಸ ಯಂತ್ರ ಬೇಕಾಗಬಹುದು. ಆಗ ಕೊಳ್ಳಬೇಕಾದ್ದೇ. ವಿದ್ಯೆಗೆ ಬೇಕಾದ ಸಲಕರಣೆಯನ್ನು ಮಕ್ಕಳಿಗೆ ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಬೇಕು ಎನ್ನುವುದಕ್ಕೂ ಎಲ್ಲರ ಬಳಿ ಇದೆ ಎನ್ನುವುದಕ್ಕೂ ನಡುವೆ ಒಂದು ಲೆಕ್ಕ ಹಾಕುವಷ್ಟು ಜಾಗವಿದೆ. ಆ ಲೆಕ್ಕವನ್ನು ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಹಾಕಿದರೆ ಮನೆಗೂ ಒಳಿತು, ಮಣ್ಣಿಗೂ ಒಳಿತು.

ಈಗ ಆ ಮನೆಯಲ್ಲಿ ಒಂದು ಹೊಸ ರೂಢಿ ಬಂದಿದೆ. ರಾತ್ರಿ ಹಾಸ್ಟೆಲಿನಿಂದ ಮಗನ ಫೋನು ಬರುತ್ತದೆ. ಊಟ ಆಯ್ತಾ, ಮಳೆ ಬಂತಾ ಎಂಬ ಮಾತೆಲ್ಲ ಮುಗಿದ ಮೇಲೆ, ಫೋನು ಇಡುವ ಮೊದಲು ಅಪ್ಪ ಕೇಳುತ್ತಾರೆ:

"ಸಿಂಗಪುರದ ಮೋಟಾರು ಆಫ್ ಮಾಡಿದ್ಯೇನೋ?"

"ಆಗ್ಲೇ ಮಾಡ್ದೆ ಅಪ್ಪಾ. ತೋಟದ್ದು?"

ಆಗ ಅಪ್ಪ ಟಾರ್ಚ್ ಹಿಡಿದು ತೋಟದ ಕಡೆ ಹೊರಡುತ್ತಾರೆ.